ಬೆಂಕಿ ಕುದುರೆಯ ಹನ್ನೆರಡು ಹಾಳೆ

ಬ್ಲೇಡು ಕೆಳಗಿಡಿ.

ಗಾಜಿಗೂ ಫೋಟೋಕ್ಕೂ ನಡುವೆ ಅದರ ತುದಿ ತೂರಿಸಿ ಮೆಲ್ಲಗೆ ಎಬ್ಬಿಸಬಹುದು ಎಂದು ನಿಮ್ಮ ಬೆರಳಿಗೆ ಅನಿಸುತ್ತಿದೆ. ಅನಿಸಲಿ, ಆದರೂ ಕೆಳಗಿಡಿ. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಆಗಲೇ ಕಿತ್ತಾಗಿದೆ. ಹುಳ ತಿಂದ ರಟ್ಟು ಹೊರಬಂದು ಅದರ ಪುಡಿ ನಿಮ್ಮ ತೊಡೆಯ ಮೇಲೆಲ್ಲ ಉದುರಿದೆ. ಉಳಿದಿರುವುದು ಗಾಜು, ಗಾಜನ್ನು ಕಚ್ಚಿಕೊಂಡ ಒಂದು ಕಪ್ಪು-ಬಿಳುಪು ಚಿತ್ರ. ಎದುರಿಗೆ ನಿಂತ ಆಮಾ-ಲಾ ಅವರ ಕೈಯ ಜಾಲರಿ ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿದೆ. ಅವರಿಗೆ ಅದರ ಕಡೆ ಗಮನವಿಲ್ಲ.

“ಎಳೀಬ್ಯಾಡ,” ಎನ್ನುತ್ತಾರೆ. “ಅಪ್ಪಂದು ಇದೊಂದ ಫೋಟೋ.”

ನೀವಿರುವುದು ಮುಂಡಗೋಡದ ಟಿಬೆಟನ್ ಕಾಲೊನಿಯ ಒಂದು ಅಡುಗೆಮನೆಯಲ್ಲಿ. ಯಾವ ಕ್ಯಾಂಪು, ಎಷ್ಟನೆಯ ಮನೆ ಎಂಬುದನ್ನು ನಾನು ಹೇಳುವುದಿಲ್ಲ. ಯಾಕೆಂದು ಕತ್ತಲಾಗುವುದರೊಳಗೆ ನಿಮಗೇ ತಿಳಿಯುತ್ತದೆ. ಇದು 2026ರ ಫೆಬ್ರವರಿ, ಟಿಬೆಟನ್ ಹೊಸವರ್ಷ ಲೋಸರ್‌ಗೆ ಇನ್ನು ಕೆಲವೇ ದಿನ. ಮೈದಾ, ಬೆಣ್ಣೆ, ಸಕ್ಕರೆ ಕಲಸಿದ ಖಾಪ್ಸೆ ಬಾಣಲೆಯಲ್ಲಿ ಉಬ್ಬುತ್ತಿದೆ. ಆ ವಾಸನೆ ಕಿಟಕಿಯ ಪರದೆಗೆ, ನಿಮ್ಮ ಕೂದಲಿಗೆ, ಮೇಜಿನ ಮೇಲಿನ ಬಿಳಿ ಹಾಳೆಗಳಿಗೂ ಹತ್ತಿದೆ. ಹೊರಗೆ ಎಲೆ ಉದುರಿಸಿ ನಿಂತ ಸಾಗುವಾನಿ ಮರಗಳು. ಅವುಗಳ ಆಚೆಯ ಮಠದ ಅಂಗಳದಲ್ಲಿ ಸನ್ಯಾಸಿಗಳ ತರ್ಕ ನಡೆದಿದೆ: ಒಂದು ಪ್ರಶ್ನೆ, ನೆಲಕ್ಕೆ ಅಪ್ಪಳಿಸುವ ಒಂದು ಕಾಲು, ಅಂಗೈಗೆ ಅಂಗೈ ಬಿದ್ದ ಶಬ್ದ, ಮತ್ತೆ ಪ್ರಶ್ನೆ.

ನಿಮ್ಮನ್ನು ಇಲ್ಲಿಗೆ ಕಳಿಸಿದವಳು ಈ ಮನೆಯ ಮಗಳು, ಆಮಾ-ಲಾ ಅಂದರೆ ಅವಳ ಅಮ್ಮ. ಮುಂಡಗೋಡದಲ್ಲಿ ನಿಮ್ಮ ಜೊತೆ ಓದಿದವಳು ಈಗ ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿದ್ದಾಳೆ. ಲೋಸರ್‌ಗೆ ಮನೆಮಂದಿಗೆಲ್ಲ ಒಂದೊಂದು ಕ್ಯಾಲೆಂಡರ್ ಸಿಗಬೇಕು, ಅದರಲ್ಲಿ ಮನೆಯವರದೇ ಫೋಟೋ ಇರಬೇಕು, ಅದು ಅಮ್ಮನ ಕೈಯಲ್ಲೇ ಆಗಬೇಕು ಎಂದು ಅವಳ ಆಸೆ. ಆ್ಯಪಿಗೆ ಫೋಟೋ ಹಾಕಿ ದುಡ್ಡು ಕಟ್ಟಿದರೆ ಮುದ್ರಿಸಿ ಮನೆಗೇ ಕಳಿಸುವವರು ಬೇಕಾದಷ್ಟಿದ್ದಾರೆ. ಆದರೆ ಈ ಮನೆಯ ತಿಥಿಗಳು ಆ ಆ್ಯಪಿಗೆ ಗೊತ್ತಿಲ್ಲ. ಗಾಜಿಗೆ ಅಂಟಿದ ಅಜ್ಜನನ್ನು ಹೇಗೆ ಹೊರಗೆ ತರಬೇಕೆಂಬುದೂ ಅದಕ್ಕೆ ಗೊತ್ತಿಲ್ಲ.

ನಿಮಗೆ ಗೊತ್ತಿರಬೇಕು. ಮುಂಡಗೋಡದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹಳೆಯ ಫೋಟೋದ ಮೇಲ್ಪದರ ಜೆಲಟಿನ್. ಅದು ತೇವ ಕುಡಿದು ಮೆತ್ತಗಾಗುತ್ತದೆ, ಗಾಜಿಗೆ ಒತ್ತಿಕೊಳ್ಳುತ್ತದೆ, ಒಣಗುವಾಗ ಗಾಜನ್ನೇ ಹಿಡಿದುಬಿಡುತ್ತದೆ. ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಮುಖ ಗಾಜಿನ ಮೇಲೆ ಉಳಿಯುತ್ತದೆ. ತಣ್ಣೀರಿನಲ್ಲಿ ನೆನೆಸಿ ಬಿಡಿಸುವವರೂ ಇದ್ದಾರೆ, ಹಳೆಯ ಪ್ರಿಂಟು ಕೆಲವೊಮ್ಮೆ ಹಾಗೆ ಬಿಟ್ಟುಕೊಡುತ್ತದೆ. ಆದರೆ ಚಿತ್ರವನ್ನು ಬೆಳಕಿಗೆ ಓರೆ ಹಿಡಿದು ನೋಡಿ: ಹೆಂಗಸಿನ ಕೆನ್ನೆಯ ಮೇಲೆ, ಏಪ್ರನ್ನಿನ ಪಟ್ಟೆಗಳ ಮೇಲೆ ಯಾರೋ ಕುಂಚದಿಂದ ಬಣ್ಣ ಹಚ್ಚಿದ್ದಾರೆ. ನೀರು ತಾಗಿದರೆ ಆ ಬಣ್ಣ ಹರಿದುಹೋದೀತು. ಒಂದೇ ಪ್ರತಿ ಇರುವ ಚಿತ್ರದ ಮೇಲೆ ಪ್ರಯೋಗ ಮಾಡಬಾರದು. ಗಾಜು ಗಾಜಾಗಿಯೇ ಇರಲಿ, ಅದರ ಮೂಲಕವೇ ಚಿತ್ರ ತೆಗೆಯೋಣ.

ಎತ್ತಿಕೊಳ್ಳಿ. ಎರಡೂ ಅಂಗೈ ಕೆಳಗೆ. ಬರಿಗಾಲಿಗೆ ಸಿಮೆಂಟು ನೆಲ ತಣ್ಣಗೆ ತಾಗುತ್ತದೆ, ಹೊಸ್ತಿಲು ದಾಟಿದರೆ ಜಗುಲಿಯ ನೆಲ ಬೆಚ್ಚಗಿದೆ. ಬಿಸಿಲು ನೇರ ಬೀಳದ ಕಡೆ, ಉತ್ತರದ ಗೋಡೆಗೆ ಒರಗಿಸಿ. ಮೊಬೈಲ್ ಹಿಡಿದರೆ ಗಾಜಿನಲ್ಲಿ ಕಾಣುವುದು ನಿಮ್ಮದೇ ಮುಖ, ಹಿಂದೆ ಆಕಾಶ, ತಂತಿಯ ಮೇಲೆ ಒಣಗಿದ ಬಟ್ಟೆ. ಆಮಾ-ಲಾ ಒಳಗೆ ಹೋಗಿ ತಮ್ಮ ಕಪ್ಪು ಚುಪಾ ತರುತ್ತಾರೆ. ಕಾಲ್ಮಟ್ಟದ ಆ ನಿಲುವಂಗಿಯನ್ನು ನಿಮ್ಮ ತಲೆಯ ಮೇಲಿಂದ ಇಳಿಬಿಟ್ಟು ಎರಡೂ ಕಡೆ ತೋಳು ಅಗಲಿಸಿ ನಿಲ್ಲುತ್ತಾರೆ. ಬಟ್ಟೆಯೊಳಗೆ ಕತ್ತಲು, ನುಸಿಗುಳಿಗೆಯ ಗಾಟು, ನಿಮ್ಮದೇ ಬಿಸಿಯುಸಿರು. ಗಾಜಿನ ಮೇಲಿನ ಆಕಾಶ ಆರುತ್ತದೆ. ಮೊಬೈಲ್ ಗಾಜಿಗೆ ಸರಿಸಮ ಇರಲಿ, ಒಂದು ಮೂಲೆ ವಾಲಿದರೂ ಅಜ್ಜನ ಭುಜ ಸೊಟ್ಟಗಾಗುತ್ತದೆ. ಉಸಿರು ಹಿಡಿಯಿರಿ. ಒತ್ತಿ. ಇನ್ನೊಮ್ಮೆ. ಇನ್ನೂ ಒಮ್ಮೆ, ಸ್ವಲ್ಪ ಹತ್ತಿರದಿಂದ.

ಪರದೆಯ ಮೇಲೆ ದೊಡ್ಡದು ಮಾಡಿದಾಗ ಅವರಿಬ್ಬರೂ ಎದ್ದು ಬರುತ್ತಾರೆ. ಬಿದಿರಿನ ಗುಡಿಸಲ ಮುಂದೆ ಉಣ್ಣೆಯ ಟೋಪಿಯ ಒಬ್ಬ ಗಂಡಸು, ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ತೋಳಲ್ಲಿ ಬಟ್ಟೆ ಸುತ್ತಿದ ಕೂಸು.

“ಕೂಸು ನಾನ,” ಎನ್ನುತ್ತಾರೆ ಆಮಾ-ಲಾ.

1966ರಲ್ಲಿ ಇಲ್ಲಿ ಈ ಬೀದಿಗಳಿರಲಿಲ್ಲ, ಕಾಡಿತ್ತು. ದಲಾಯಿ ಲಾಮಾ 1959ರಲ್ಲಿ ಲಾಸಾ ಬಿಟ್ಟು ಬಂದ ಮೇಲೆ ಅವರ ಹಿಂದೆಯೇ ಗಡಿ ದಾಟಿದ ಸಾವಿರಾರು ಜನ ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಆಗಿನ ಮೈಸೂರು ಸರ್ಕಾರ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಹುಬ್ಬಳ್ಳಿ-ಶಿರಸಿ ದಾರಿಯ ಈ ಮುಂಡಗೋಡದಲ್ಲಿ ಅವರಿಗೆ ಜಮೀನು ಕೊಟ್ಟಿತು. ಮಂಜಿನ ನಾಡಿನವರು ರೈಲಿನಿಂದ ಇಳಿದು, ಲಾರಿ ಹತ್ತಿ ಬಂದು ಸೇರಿದ್ದು ಉತ್ತರ ಕನ್ನಡದ ಸೆಕೆಗೆ. ಈ ನೆಲೆಗೆ ದೊಗುಲಿಂಗ್ ಎಂದು ಹೆಸರಿಟ್ಟರು. ಬಂಗಾಳದ ಬಕ್ಸಾ ಕೋಟೆಯಲ್ಲಿ ದಿನ ಕಳೆಯುತ್ತಿದ್ದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಸನ್ಯಾಸಿಗಳು ಆಮೇಲೆ ಬಂದು ಸೇರಿದರು. ಫೋಟೋದ ಗುಡಿಸಲು ಅದಕ್ಕೂ ಮುಂಚಿನದು.

ಚೌಕಟ್ಟನ್ನು ಒಳಗಿಡಿ. ಕೆಲಸ ಈಗ ಶುರು.

ಮೇಜಿನ ಮೇಲೆ ದಪ್ಪ ಐವರಿ ಹಾಳೆಗಳು, ಉಕ್ಕಿನ ಅಳತೆಪಟ್ಟಿ, ಚೂಪು ಮಾಡಿದ ಪೆನ್ಸಿಲ್. ಇಂಥ ಕ್ಯಾಲೆಂಡರ್ ಮಾಡುವ ಹೆಚ್ಚಿನವರು ಫೋಟೋಗಳ ಮೇಲೆ ಬೀಳುತ್ತಾರೆ, ತಾರೀಕುಗಳನ್ನು ಕೊನೆಗೆ ಎಲ್ಲಿಂದಲೋ ತಂದು ಅಂಟಿಸುತ್ತಾರೆ. ನನ್ನ ಮಾತು ಕೇಳಿ, ಮೊದಲು ಗೆರೆ ಎಳೆಯಿರಿ. ಕ್ಯಾಲೆಂಡರ್‌ನ ಜೀವ ಇರುವುದು ತಾರೀಕಿನ ಮನೆಗಳಲ್ಲಿ. ಫೋಟೋವನ್ನು ನೋಡುತ್ತಾರೆ, ಬದುಕುವುದು ತಾರೀಕಿನ ಪ್ರಕಾರ.

ಜನವರಿಯಿಂದ ಶುರುಮಾಡಿದರೆ ಮೊದಲ ಹಾಳೆ ಪೂರ್ತಿ ಕಳೆದ ವರ್ಷದ್ದಾಗುತ್ತದೆ. ಲೋಸರ್ ಈ ಸಲ ಫೆಬ್ರವರಿ 18ರ ಬುಧವಾರ. ಅದಕ್ಕೆ ಫೆಬ್ರವರಿ 2026ರಿಂದ ಜನವರಿ 2027ರವರೆಗೆ ಹನ್ನೆರಡು ಹಾಳೆ ಎಂದು ಆಮಾ-ಲಾ ತೀರ್ಮಾನಿಸಿದ್ದಾರೆ. ಪಾರ್ಕ್‌ಡೇಲ್‌ನ ಪಾಳಿ ಕೆಲಸಕ್ಕೆ ಇಂಗ್ಲಿಷ್ ತಾರೀಕು ದಪ್ಪಗೆ, ಮೊಮೊ-ಲಾ ಅವರ ಪೂಜೆಗೆ ಟಿಬೆಟನ್ ತಾರೀಕು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ. ಮೊಮೊ-ಲಾ ಅಂದರೆ ಅಜ್ಜಿ, ಫೋಟೋದ ಹೆಂಗಸು. ಈಗ ಒಳಕೋಣೆಯ ಮಂಚದ ಮೇಲೆ ಕೂತು ಮಣಿ ತಿರುಗಿಸುತ್ತಿದ್ದಾರೆ, ಅವರ ತುಟಿಯ ಪಿಸುಮಾತು ಬಾಗಿಲಾಚೆಯಿಂದ ಬಿಡದೆ ಕೇಳುತ್ತಿದೆ.

ಫೆಬ್ರವರಿ ಸುಲಭಕ್ಕೆ ಒದಗುತ್ತದೆ. 1ನೇ ತಾರೀಕು ಭಾನುವಾರ, 28 ಶನಿವಾರ. ನಾಲ್ಕು ಸಾಲು, ಏಳು ಮನೆ, ಒಂದೂ ಖಾಲಿಯಿಲ್ಲ. ನಿಮ್ಮ ಭುಜ ಸಡಿಲಾಗುತ್ತದೆ. ಮಾರ್ಚ್, ಏಪ್ರಿಲ್ ಸರಾಗ. ಆಮೇಲೆ ಮೇ ಬರುತ್ತದೆ.

ಗೋಡೆಯ ಮೇಲೆ ಗದಗಿನ ಶಾಬಾದಿಮಠದ ಕ್ಯಾಲೆಂಡರ್ ತೂಗುತ್ತಿದೆ. ಊರಿನ ಜೊತೆ ವ್ಯವಹಾರ ಇರುವ ಮನೆಗೆ ಅದೂ ಬೇಕು. ಮೇ 1ರ ಮನೆಯಲ್ಲಿ ಬುದ್ಧ ಪೂರ್ಣಿಮೆ. ಟಿಬೆಟಿಯನ್ನರಿಗೆ ವರ್ಷದ ಅತಿ ದೊಡ್ಡ ಪುಣ್ಯದಿನ ಸಾಗಾ ದಾವಾದ ಹುಣ್ಣಿಮೆ: ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ನಿರ್ವಾಣ ಹೊಂದಿದ್ದು ಎಲ್ಲಕ್ಕೂ ಅದೇ ದಿನ. ಎರಡೂ ಒಂದೇ ತಾನೇ ಎಂದು ನಿಮ್ಮ ಪೆನ್ನು 1ರ ಮನೆಯ ಮೇಲೆ ಇಳಿಯುತ್ತಿದೆ. ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ತಡೆಯಿರಿ. ಮೆನ್-ತ್ಸೀ-ಖಾಂಗ್‌ನ ಪಂಚಾಂಗ ತೆಗೆಯಿರಿ. ಲಾಸಾದಲ್ಲಿ 1916ರಲ್ಲಿ ಹುಟ್ಟಿ, 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತೆರೆದ ವೈದ್ಯ-ಜ್ಯೋತಿಷ ಸಂಸ್ಥೆ ಅದು. ವರ್ಷವರ್ಷ ಅದು ಲೆಕ್ಕ ಹಾಕಿ ಕೊಟ್ಟ ದಿನಗಳ ಮೇಲೆ ಈ ಕಾಲೊನಿಯ ಹಬ್ಬ, ಹರಕೆ, ಪ್ರಯಾಣ ಎಲ್ಲ ನಿಂತಿದೆ. ನಾಲ್ಕನೆಯ ತಿಂಗಳ ಹದಿನೈದನೆಯ ದಿನವನ್ನು ಬೆರಳಿಟ್ಟು ಹುಡುಕಿ.

ಮೇ 31.

ಒಂದು ಇಡೀ ತಿಂಗಳ ಅಂತರ. ನಿಮ್ಮ ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯುತ್ತದೆ. ಪೆನ್ನು ಆ ಮನೆಯೊಳಗೆ ಇಳಿದಿದ್ದರೆ ಟೊರಾಂಟೊದಲ್ಲಿ, ಮಿನ್ನೆಸೋಟದಲ್ಲಿ ಈ ಮನೆಯ ಮಕ್ಕಳು ತಪ್ಪು ದಿನ ಉಪವಾಸ ಹಿಡಿದು, ತಪ್ಪು ಹುಣ್ಣಿಮೆಗೆ ದೀಪ ಹಚ್ಚುತ್ತಿದ್ದರು. ಚಾಂದ್ರಮಾನ ವರ್ಷ ಸೌರಮಾನಕ್ಕಿಂತ ಹನ್ನೊಂದು ದಿನದಷ್ಟು ಹಿಂದೆ ಬೀಳುತ್ತದೆ, ಸರಿದೂಗಿಸಲು ಎರಡು-ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿಸಬೇಕು. ನಮ್ಮ ಪಂಚಾಂಗದಲ್ಲಿ ಆ ಅಧಿಕಮಾಸ ಈ ಸಲ ಜ್ಯೇಷ್ಠಕ್ಕೆ ಬರುತ್ತದೆ, ಮೇ 17ರಿಂದ ಜೂನ್ 15ರವರೆಗೆ. ಟಿಬೆಟಿಯನ್ನರು ತಮ್ಮದನ್ನು 2024ರ ಲೋಸರ್‌ಗೂ 2025ರ ಲೋಸರ್‌ಗೂ ನಡುವೆಯೇ ಸೇರಿಸಿ ಮುಗಿಸಿದ್ದಾರೆ. ಹಾಗಾಗಿ 2024ರಲ್ಲಿ ಫೆಬ್ರವರಿ 10ಕ್ಕಿದ್ದ ಲೋಸರ್ 2025ರಲ್ಲಿ 28ಕ್ಕೆ ಹಾರಿತು, ಈಗ 18ಕ್ಕೆ ಇಳಿದಿದೆ, ಮುಂದಿನ ವರ್ಷ 7ಕ್ಕೆ ಇಳಿಯುತ್ತದೆ.

ಇನ್ನೂ ಒಂದು ತೊಡಕು. ಮೇ 2026 ಶುಕ್ರವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. 31 ಒಂದೇ ಆರನೆಯ ಸಾಲಿಗೆ ಬೀಳುತ್ತದೆ. ಅಚ್ಚಿನ ಕ್ಯಾಲೆಂಡರ್‌ಗಳಲ್ಲಿ ಜಾಗ ಸಾಲದೆ ಇಂಥ ತಾರೀಕನ್ನು 24ರ ಮನೆಯೊಳಗೇ ಒಂದು ಓರೆಗೆರೆ ಎಳೆದು ತುರುಕುವುದುಂಟು. ಸಾಗಾ ದಾವಾವನ್ನು ಅರ್ಧ ಮನೆಗೆ ತುರುಕುತ್ತೀರಾ? ಆಮಾ-ಲಾ ನಿಮ್ಮ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ, ಏನೂ ಹೇಳುವುದಿಲ್ಲ. ಅವರ ತೋಳಿನಿಂದ ಎಣ್ಣೆಯ ಬಿಸಿ ನಿಮ್ಮ ಕಿವಿಗೆ ತಾಗುತ್ತಿದೆ. ಎಳೆದ ಗೆರೆಗಳನ್ನೆಲ್ಲ ಅಳಿಸಿ. ಆರು ಸಾಲು ಹೊಸದಾಗಿ ಎಳೆಯಿರಿ. ಮೇ ತಿಂಗಳ ಫೋಟೋ ಅಷ್ಟು ಗಿಡ್ಡವಾಗುತ್ತದೆ, ಆಗಲಿ.

ಕೆಂಪು ತಾರೀಕು ತುಂಬುತ್ತಾ ಹೋದರೆ ಒಂದು ಕಡೆ ಎದೆ ಧಸಕ್ಕೆನ್ನುತ್ತದೆ. ಒಂದು ತಾರೀಕು ಇಲ್ಲವೇ ಇಲ್ಲ, ಎಣಿಕೆ ಅದನ್ನು ಹಾರಿ ಮುಂದೆ ಹೋಗಿದೆ. ಇನ್ನೊಂದು ಕಡೆ ಒಂದೇ ತಾರೀಕು ಎರಡು ಸಲ ಬಂದಿದೆ. ಗಾಬರಿ ಬೇಡ. ನಮ್ಮಲ್ಲಿ ತಿಥಿ ಕ್ಷಯವಾಗುವುದು, ವೃದ್ಧಿಯಾಗುವುದು ನಿಮಗೆ ಗೊತ್ತು, ಇದೂ ಅದೇ. ಲೆಕ್ಕದ ಬೇರು ಭಾರತದ್ದು. ಕಾಲಚಕ್ರ ತಂತ್ರದ ಜೊತೆ ಟಿಬೆಟಿಗೆ ಹೋದ ಅರವತ್ತು ವರ್ಷಗಳ ಚಕ್ರವನ್ನು ಅವರು 1027ರಿಂದ ಎಣಿಸುತ್ತಾ ಬಂದಿದ್ದಾರೆ. ಈಗ ನಡೆಯುತ್ತಿರುವ ಸುತ್ತು 1987ರಲ್ಲಿ ಮೊದಲಾಯಿತು. ನಮ್ಮ ಪ್ರಭವ ಸಂವತ್ಸರ ಬಂದದ್ದೂ ಅದೇ 1987ರ ಯುಗಾದಿಗೆ. ಎರಡೂ ಚಕ್ರಗಳು ಜೋಡಿಯಾಗಿ ಉರುಳುತ್ತಿವೆ. ಅವರಿಗೆ ಈಗ ಬರುವುದು ಬೆಂಕಿ-ಕುದುರೆಯ ವರ್ಷ, 2153. ನಮಗೆ ಮಾರ್ಚ್ 19ರ ಯುಗಾದಿಗೆ ಪರಾಭವ ಸಂವತ್ಸರ. ಎರಡರಲ್ಲೂ ಅದು ನಲವತ್ತನೆಯದು.

ಅರವತ್ತು ವರ್ಷ ಹಿಂದಕ್ಕೆ ಎಣಿಸಿ. 1966. ಅದೂ ಬೆಂಕಿ-ಕುದುರೆ, ಅದೂ ಪರಾಭವ. ಈ ಕಾಡಿನಲ್ಲಿ ಮೊದಲ ಗುಡಿಸಲು ಎದ್ದ ವರ್ಷ. ಆ ಗುಡಿಸಲಿನಲ್ಲಿ ಹುಟ್ಟಿದ ಕೂಸು ಈಗ ನಿಮ್ಮ ಪಕ್ಕದಲ್ಲಿ ಸೌಟು ಹಿಡಿದು ನಿಂತಿದೆ.

“ನನ್ನ ವರ್ಷ ಹೊಳ್ಳಿ ಬಂತು,” ಎನ್ನುತ್ತಾರೆ ಆಮಾ-ಲಾ. ಹುಟ್ಟಿದ ಪ್ರಾಣಿಯ ವರ್ಷ ಮರಳಿದಾಗ ಅದು ಅಡಚಣೆಯ ವರ್ಷ ಎಂದು ಅವರಲ್ಲಿ ನಂಬಿಕೆ. ಮಠದಲ್ಲಿ ಪೂಜೆ ಮಾಡಿಸಬೇಕು, ಎಚ್ಚರದಿಂದಿರಬೇಕು. ನಮ್ಮ ಕಡೆ ಇದೇ ವಯಸ್ಸಿಗೆ ಅರವತ್ತರ ಶಾಂತಿ ಮಾಡಿಸುತ್ತಾರೆ ಎಂದು ನೀವು ಹೇಳಿದಾಗ ಅವರು ಬಾಣಲೆಯ ಉರಿ ಸಣ್ಣ ಮಾಡಿ ನಿಮ್ಮ ಕಡೆ ತಿರುಗುತ್ತಾರೆ. “ನಿಮ್ಮಲ್ಲೂ ಅಂಜತಾರ?” ಎಂದು ಕೇಳುತ್ತಾರೆ. ಹೌದು, ಅಂಜುತ್ತಾರೆ ಎನ್ನಿ. ಅವರಿಗೆ ಅದರಿಂದ ಸಮಾಧಾನವಾಗುವುದು ಮುಖದಲ್ಲಿ ಕಾಣುತ್ತದೆ.

ಈಗ ಫೋಟೋಗಳು. ಮಗಳು ಕಳಿಸಿದವು ಮೊಬೈಲಿನಲ್ಲಿ ಸೊಗಸಾಗಿವೆ: ಹಿಮ ಬಿದ್ದ ಬೀದಿ, ಮೊಮ್ಮಗುವಿನ ಕೆಂಪು ಟೋಪಿ. ಎ4 ಹಾಳೆ ತುಂಬ ಮುದ್ರಿಸಲು ಇಂಚಿಗೆ 300 ಚುಕ್ಕೆಯಂತೆ 3508ಕ್ಕೆ 2480 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೋದ ಉದ್ದ ಸಾಮಾನ್ಯವಾಗಿ 1600ಕ್ಕೆ ಕುಗ್ಗಿರುತ್ತದೆ, ಅದು ಸ್ಫುಟವಾಗಿ ಬರುವುದು ಐದು ಇಂಚಿನವರೆಗೆ ಮಾತ್ರ. ಹಿಗ್ಗಿಸಿದರೆ ಮಗುವಿನ ಕಣ್ಣು ಮಸುಕು. “ಡಾಕ್ಯುಮೆಂಟ್ ಮಾಡಿ ಕಳಿಸು” ಎಂದು ಅವಳಿಗೆ ಸಂದೇಶ ಹಾಕಿ. ಅಲ್ಲಿ ಬೆಳಗಿನ ಜಾವ, ಪಾಳಿ ಮುಗಿಸಿ ಬಂದವಳು ಎದ್ದೇ ಇದ್ದಾಳೆ. ಒಂದೊಂದಾಗಿ ಬರುತ್ತವೆ.

ನವೆಂಬರ್‌ಗೆ ತಮ್ಮನ ಸ್ವೆಟರ್ ಅಂಗಡಿ. ಲೂಧಿಯಾನದಿಂದ ಸರಕು ತಂದು ಯಾವುದೋ ಊರಿನ ಬೀದಿಬದಿಯಲ್ಲಿ ಹರಡಿ ಕೂತಿದ್ದಾನೆ. ಚಳಿಗಾಲದ ಮೂರು-ನಾಲ್ಕು ತಿಂಗಳು ಈ ಕಾಲೊನಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ, ವರ್ಷದ ದುಡಿಮೆ ಅಲ್ಲೇ ಆಗಬೇಕು. ಡಿಸೆಂಬರ್‌ಗೆ ಗಾಂದೆನ್ ಮಠದ ಮಾಳಿಗೆಯ ದೀಪಗಳು, ಸಾಲುಸಾಲು. ತ್ಸೊಂಗ್‌ಖಾಪಾ ಗುರುಗಳು ತೀರಿಕೊಂಡು 600 ವರ್ಷ ತುಂಬಿದ 2019ರ ಡಿಸೆಂಬರ್‌ನಲ್ಲಿ ತೆಗೆದದ್ದು. ಆಗ ದಲಾಯಿ ಲಾಮಾ ಇಲ್ಲೇ ಇದ್ದರು.

ಫೆಬ್ರವರಿಗೆ, ಮೊದಲ ಹಾಳೆಗೆ, ಗುಡಿಸಲ ಮುಂದಿನ ಆ ಮೂವರು. ಇಲ್ಲಿ ಕೈ ಮತ್ತೆ ತಡೆಯುತ್ತದೆ. ಹಾಳೆಯಲ್ಲಿ ಫೋಟೋಕ್ಕೆ ಉಳಿದ ಜಾಗ ಅಡ್ಡ, ಚಿತ್ರದ ಆಕಾರ ಹೆಚ್ಚುಕಡಿಮೆ ಚೌಕ. ಎಲ್ಲಿಯಾದರೂ ಕತ್ತರಿಸಬೇಕು. ಮೇಲೆ ಕತ್ತರಿಸಿದರೆ ಬಿದಿರಿನ ಮಾಡು ಹೋಗುತ್ತದೆ. ಕೆಳಗೆ ಕತ್ತರಿಸಿದರೆ ಅಜ್ಜನ ಬರಿಗಾಲು ಹೋಗುತ್ತದೆ. ಎಡ ಅಂಚಿನಲ್ಲಿ ಚೌಕಟ್ಟಿನೊಳಗೆ ಅರ್ಧ ಬಂದ ಒಂದು ಮೊಣಕೈ ಇದೆ, ಬಿಳಿ ಅಂಗಿಯ ಮಡಚಿದ ತೋಳು, ಒಂದು ಹಗ್ಗದ ತುದಿ. ಅದೊಂದು ಯಾರಿಗೂ ಬೇಡವಾದದ್ದು ಎಂದು ನಿಮ್ಮ ಬೆರಳು ಪರದೆಯ ಮೇಲೆ ಗೆರೆಯನ್ನು ಒಳಗೆ ಸರಿಸುತ್ತಿದೆ.

ಕೇಳಿ ನೋಡಿ ಮೊದಲು. ಮೊಬೈಲನ್ನು ಒಳಕೋಣೆಗೆ ಒಯ್ಯಿರಿ. ಬೆಣ್ಣೆದೀಪದ ಜಿಡ್ಡುವಾಸನೆ, ಧೂಪದ ಒಗರು. ಮೊಮೊ-ಲಾ ಮಣಿಯನ್ನು ಮಣಿಕಟ್ಟಿಗೆ ಸುತ್ತಿ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ. ಗಂಡನ ಮುಖ ನೋಡುತ್ತಾರೆ. ಬಹಳ ಹೊತ್ತು. ಆಮೇಲೆ ಅವರ ಉಗುರು ಎಡ ಅಂಚಿಗೆ ಸರಿದು ಆ ಮೊಣಕೈಯ ಮೇಲೆ ನಿಲ್ಲುತ್ತದೆ. ಟಿಬೆಟನ್ ಭಾಷೆಯಲ್ಲಿ ಏನೋ ಹೇಳಿ ನಗುತ್ತಾರೆ, ಆಮೇಲೆ ಇದ್ದಕ್ಕಿದ್ದಂತೆ ಎತ್ತು ಹೊಡೆಯುವ ದನಿ ತೆಗೆಯುತ್ತಾರೆ, “ಹೋ, ಹೋ, ಬಾರೋ ಬಾ!” ಅಚ್ಚ ಈ ಸೀಮೆಯ ಕನ್ನಡ.

ಆಮಾ-ಲಾ ಹೇಳುತ್ತಾರೆ, ಅದು ಪಕ್ಕದ ಹಳ್ಳಿಯ ರೈತ. ಎತ್ತು ಹೂಡುವುದು, ಮೆಕ್ಕೆಜೋಳ ಬಿತ್ತುವುದು ಇವರಿಗೆ ಕಲಿಸಿದವನು. ಫೋಟೋ ತೆಗೆಯುವಾಗ ಎತ್ತಿನ ಹಗ್ಗ ಹಿಡಿದು ಪಕ್ಕಕ್ಕೆ ನಿಂತಿದ್ದ. ಹೆಸರು ಮೊಮೊ-ಲಾಗೆ ಮರೆತಿದೆ, ದನಿ ಮರೆತಿಲ್ಲ.

ಕತ್ತರಿಸಬೇಡಿ. ಚಿತ್ರ ಇಡಿಯಾಗಿ ಬರಲಿ, ಎರಡೂ ಬದಿಗೆ ಬಿಳಿ ಅಂಚು ಉಳಿಯಲಿ. ಅಂದ ಕೆಡುತ್ತದೆ ಎನ್ನುವವರು ಹೇಳಿಕೊಳ್ಳಲಿ.

ಜುಲೈ. ಕಾಲೊನಿಯ ಯಾವ ಮನೆಯ ಕ್ಯಾಲೆಂಡರ್‌ನಲ್ಲೂ ಜುಲೈ 6ಕ್ಕೆ ಒಂದೇ ಮುಖ: ಅಂದು ದಲಾಯಿ ಲಾಮಾ ಅವರ ಹುಟ್ಟುಹಬ್ಬ. ಅವರು ಹುಟ್ಟಿದ್ದು 1935ರಲ್ಲಿ, ಕಳೆದ ವರ್ಷ ತೊಂಬತ್ತು ತುಂಬಿತು. ಆದರೆ ತಿಂಗಳ ಹಾಳೆ ಒಂದಲ್ಲ ಒಂದು ದಿನ ಹರಿದು ಹೋಗುವಂಥದ್ದು. ಆ ಮುಖ ಕಸಕ್ಕೆ ಬೀಳಬಾರದು, ಕಾಲ ಕೆಳಗೆ ಬರಬಾರದು, ಮಡಿಕೆ ಅದರ ನಡುವೆ ಹಾಯಬಾರದು. ದೇವರ ಪಟವಿರುವ ಹಳೆಯ ಕ್ಯಾಲೆಂಡರನ್ನು ಎಲ್ಲಿಡಬೇಕೆಂದು ತಿಳಿಯದೆ ಅಟ್ಟದ ಮೇಲೆ ಕಟ್ಟಿಡುವ ನಮ್ಮ ಮನೆಗಳವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಅವರ ಚಿತ್ರ ಹನ್ನೆರಡು ಹಾಳೆಗೂ ಮೇಲಿನ ದಪ್ಪ ರಟ್ಟಿನ ಮೇಲೆ ಬರುತ್ತದೆ. ವರ್ಷ ಮುಗಿದ ಮೇಲೆ ಅದನ್ನು ಬಿಚ್ಚಿ ಪೂಜೆಯ ಕಪಾಟಿಗೆ ಏರಿಸಬಹುದು.

ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೀರಿ. ಆಗ ಆಮಾ-ಲಾ ಒಲೆ ಆರಿಸುತ್ತಾರೆ. ಕೈ ತೊಳೆಯುತ್ತಾರೆ. ಬಾಗಿಲು ಮುಂದಕ್ಕೆ ಎಳೆದು ಬಂದು ತಮ್ಮ ಮೊಬೈಲಿನಿಂದ ಒಂದು ಚಿತ್ರ ತೆರೆದು ನಿಮ್ಮ ಮುಂದಿಡುತ್ತಾರೆ.

ವಿಡಿಯೋ ಕರೆಯ ನಡುವೆ ಹಿಡಿದ ಚಿತ್ರ, ಕದಡಿದೆ. ಕೆನ್ನೆ ಒಡೆದ ಒಬ್ಬ ಹೆಂಗಸು, ಆಮಾ-ಲಾ ಅವರದೇ ಹಣೆ. ಇವರ ಅಕ್ಕ. 1959ರಲ್ಲಿ ಮೊಮೊ-ಲಾ ಟಿಬೆಟಿನಲ್ಲೇ ಅದರ ಅಜ್ಜಿಯ ಮಡಿಲಲ್ಲಿ ಬಿಟ್ಟುಬಂದ ಮಗು. ಅವರಿಬ್ಬರೂ ಮೊದಲ ಸಲ ಮುಖ ನೋಡಿದ್ದು ವೀಚಾಟ್‌ನಲ್ಲಿ. 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಗಡಿಯ ಉದ್ವಿಗ್ನತೆಯಲ್ಲಿ ದೇಶಕ್ಕೆ ಅದು ಸಣ್ಣ ಸುದ್ದಿ, ಈ ಮನೆಗೆ ಒಂದು ಕಿಟಕಿ ಮುಚ್ಚಿದ ದಿನ.

“ಅಕ್ಕನ್ನೂ ಹಾಕು,” ಎನ್ನುತ್ತಾರೆ. ಆಮೇಲೆ ತಾವೇ, “ಹಾಕಬಹುದೇನ?” ಎಂದು ಕೇಳುತ್ತಾರೆ.

ಈಗ ನಿಮ್ಮ ಕತ್ತಿನ ಹಿಂದೆ ಬೆವರು ಮೂಡುತ್ತದೆ. ಟಿಬೆಟಿನಲ್ಲಿ ದಲಾಯಿ ಲಾಮಾ ಅವರ ಚಿತ್ರ ಇಟ್ಟುಕೊಳ್ಳುವುದೇ ಅಪರಾಧ. 1990ರ ದಶಕದ ನಡುವೆ ಬಂದ ಆ ನಿಷೇಧ ಇಂದಿಗೂ ತೆರವಾಗಿಲ್ಲ. ಈ ಕ್ಯಾಲೆಂಡರ್ ಅಲ್ಲಿಗೆ ಹೋಗುವುದಿಲ್ಲ, ಸರಿ. ಆದರೆ ದಾರಿ ಯೋಚಿಸಿ. ಇದು ಟೊರಾಂಟೊದ ಗೋಡೆಗೆ ಬೀಳುತ್ತದೆ. ಲೋಸರ್‌ಗೆ ಬಂದ ನೆಂಟರು ಅದರ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ಫೋಟೋ ಫೇಸ್‌ಬುಕ್ ಏರುತ್ತದೆ. ಮೇಲೆ ದಲಾಯಿ ಲಾಮಾ, ಕೆಳಗೆ ಅಕ್ಕನ ಮುಖ, ಪಕ್ಕದಲ್ಲಿ ತಂಗಿಯ ಮನೆಯವರೆಲ್ಲ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ನೀವೇ ಅಂದವಾಗಿ ಜೋಡಿಸಿ, ಅಚ್ಚು ಹಾಕಿ ಕೊಟ್ಟಂತಾಗುತ್ತದೆ. ಒಂದು ದಿನ ಟಿಬೆಟಿನಲ್ಲಿ, ಆ ಚಳಿಯಲ್ಲಿ, ಯಾರೋ ಅಕ್ಕನ ಬಾಗಿಲು ಬಡಿಯುತ್ತಾರೆ.

ಉತ್ಪ್ರೇಕ್ಷೆ ಎನಿಸಿದರೆ ಆಮಾ-ಲಾ ಅವರ ಕೈ ನೋಡಿ. ಮೇಜಿನ ಅಂಚು ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿವೆ. ಹಾಕು ಎಂದವರೂ ಅವರೇ, ಬೇಡ ಎನ್ನಲಾರದವರೂ ಅವರೇ. ಬೇಡ ಎಂದು ನೀವು ಹೇಳಬೇಕೆಂದು ಕಾಯುತ್ತಿದ್ದಾರೆ.

ಹೇಳಿ. ಹೊರಗೆ ಹೋಗುವ ಪ್ರತಿಗಳಲ್ಲಿ ಅಕ್ಕ ಬೇಡ. ಆ ತಿಂಗಳಿಗೆ ಮನೆ ಮುಂದಿನ ಮೆಕ್ಕೆಜೋಳದ ಹೊಲ ಇರಲಿ. ಮೊಮೊ-ಲಾ ಅವರ ಪ್ರತಿಯಲ್ಲಿ ಮಾತ್ರ, ಆ ಹೊಲದ ಹಾಳೆಯ ಬೆನ್ನಿಗೆ, ಬೆಂಕಿಪೊಟ್ಟಣದ ಗಾತ್ರಕ್ಕೆ ಅದನ್ನು ಅಂಟಿಸೋಣ. ಅದಕ್ಕಿಂತ ದೊಡ್ಡದು ಮಾಡಲು ಆ ಚಿತ್ರದಲ್ಲಿ ಪಿಕ್ಸೆಲ್ ಕೂಡ ಇಲ್ಲ. ಯಾವ ತಿಂಗಳು ಎಂದು ನಾನು ಬರೆಯುವುದಿಲ್ಲ.

ಮರುದಿನ ಮುಂಡಗೋಡ ಪೇಟೆಯಿಂದ ಪ್ರಿಂಟು ತನ್ನಿ. ಲೇಸರ್ ಪ್ರಿಂಟೇ ಇರಲಿ, ಸಾಮಾನ್ಯ ಇಂಕ್‌ಜೆಟ್ ಶಾಯಿ ಜೂನಿನ ತೇವಕ್ಕೆ ಹರಡುತ್ತದೆ. ಬಿಳಿ ಗೋಂದು ಹಚ್ಚಬೇಡಿ, ಅದರ ನೀರಿಗೆ ಹಾಳೆ ಸುಕ್ಕುಗಟ್ಟುತ್ತದೆ. ಎರಡೂ ಬದಿ ಅಂಟುವ ಟೇಪು ಸಾಕು, ಹಾಳೆಯ ನಾಲ್ಕು ಅಂಚಿಗೆ ನಾಲ್ಕು ಪಟ್ಟಿ, ನಡುವೆ ಏನೂ ಬೇಡ. ಮೇಲಿನ ಅಂಚು ಮೊದಲು ಅಂಟಿಸಿ, ಅಂಗೈಯಿಂದ ಕೆಳಕ್ಕೆ ಸವರಿ, ಗಾಳಿ ಗುಳ್ಳೆ ಕಟ್ಟದಂತೆ.

ಈಗ ಬ್ಲೇಡು ಎತ್ತಿಕೊಳ್ಳಬಹುದು. ಒಂದೇ ಒತ್ತಿಗೆ ಕೊಯ್ಯಬೇಡಿ. ಅಳತೆಪಟ್ಟಿಯ ಮೇಲೆ ಎಡಗೈ ಬೆರಳು ಹರಡಿ, ಅಂಚಿನಿಂದ ಒಳಗೆ. ಮೊದಲ ಎಳೆತ ಹಗುರ, ಬರಿಯ ಗೀರು. ಎರಡನೆಯದು ಆಳ. ಮೂರನೆಯದಕ್ಕೆ ಹಾಳೆ ಸರ್ರನೆ ಬಿಟ್ಟುಕೊಡುತ್ತದೆ. ಮಾರ್ಚ್. ಏಪ್ರಿಲ್. ಮೇ. ಲಯ ಸಿಕ್ಕಿತು. ಜೂನ್. ಪಟ್ಟಿ ಜಾರಿತು. ಬ್ಲೇಡು ಉಕ್ಕಿನ ಮೇಲೇರಿ ಚೀರಿತು. ಬೆರಳ ತುದಿಯಲ್ಲಿ ಬಿಸಿ. ಕೈ ಹಿಂದಕ್ಕೆ! ಹಾಳೆಯಿಂದ ದೂರ! ಬೆರಳನ್ನು ಬಾಯಿಗಿಡುವ ಮೊದಲು ನಿಮ್ಮ ಕಣ್ಣು ಹೋದದ್ದು ಹಾಳೆಗೆ. ಕಲೆಯಿಲ್ಲ. ಬಾಯಿಯಲ್ಲಿ ಕಬ್ಬಿಣದ ರುಚಿ. ಆಮಾ-ಲಾ ಅರಿಶಿನದ ಡಬ್ಬಿಗೆ ಆಗಲೇ ಕೈ ಹಾಕಿದ್ದಾರೆ, ಅದೂ ಅವರು ಇಲ್ಲಿ ಕಲಿತದ್ದು.

ತೂತು ಹೊಡೆದ ಹಾಳೆಗಳನ್ನು ಸೇರಿಸಲು ಅಂಗಡಿಯ ಸ್ಪೈರಲ್ ಬೇಡವೆಂದು ಅವರು ಐದು ಬಣ್ಣದ ಉಣ್ಣೆದಾರ ತಂದಿದ್ದಾರೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಮಾಳಿಗೆಯ ಮೇಲೆ ಹಾರುವ ಮಂತ್ರದ ಬಾವುಟಗಳ ಕ್ರಮದಲ್ಲೇ. ಕ್ರಮ ತಪ್ಪಬಾರದು. ನಿಮ್ಮ ಪಟ್ಟಿ ಕಟ್ಟಿದ ಬೆರಳಿಗೆ ಗಂಟು ಹಾಕಲು ಬರುವುದಿಲ್ಲ, ಅವರೇ ಹಾಕುತ್ತಾರೆ. ಗಂಟು ಬಿಗಿಯಾದರೆ ಹಾಳೆ ಮಗುಚುವುದಿಲ್ಲ, ಸಡಿಲವಾದರೆ ತೂತು ಹರಿಯುತ್ತದೆ. ಒಂದು ಬೆರಳು ತೂರುವಷ್ಟು ಬಿಡುತ್ತಾರೆ.

ಊರಿಗೆ ಬಂದು ಲೋಸರ್‌ಗೆ ಮುಂಚೆ ಮರಳಿ ಹೋಗುವ ಸೋದರಳಿಯನ ಪೆಟ್ಟಿಗೆಗೆ ಪ್ರತಿಗಳು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಹೋಗುತ್ತವೆ, ಸುರುಳಿ ಸುತ್ತುವಂತಿಲ್ಲ. ಒಂದನ್ನು ಖತಾ ಎಂಬ ಬಿಳಿಯ ಗೌರವದ ಶಾಲು ಸುತ್ತಿ ಮೊಮೊ-ಲಾ ಅವರ ಮುಂದೆ ಎರಡೂ ಕೈಯಲ್ಲಿ ಹಿಡಿಯಿರಿ. ಅವರು ಮೇಲಿನ ರಟ್ಟನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಫೆಬ್ರವರಿಯ ಮುಂದೆ ನಿಂತು ಎತ್ತಿನವನಿಗೂ ಒಂದು ಮಾತು ಹೇಳುತ್ತಾರೆ. ಹಾಳೆ ಮಗುಚುತ್ತಾ ಹೊಲದ ಚಿತ್ರಕ್ಕೆ ಬಂದಾಗ ಆಮಾ-ಲಾ ಅವರ ಕಿವಿಯಲ್ಲಿ ಏನೋ ಹೇಳುತ್ತಾರೆ. ಮೊಮೊ-ಲಾ ಹಾಳೆಯನ್ನು ತಿರುಗಿಸಿ ನೋಡುತ್ತಾರೆ, ಬೆನ್ನಿನ ಆ ಸಣ್ಣ ಚಿತ್ರವನ್ನು ಹೆಬ್ಬೆರಳಿನಿಂದ ಸವರುತ್ತಾರೆ, ಮತ್ತೆ ಮುಂಬದಿಗೆ ಮಗುಚಿ ಮುಂದಿನ ತಿಂಗಳಿಗೆ ಹೋಗುತ್ತಾರೆ.

ಕೊನೆಯ ಹಾಳೆ ದಾಟಿದ ಮೇಲೆ ಹುಬ್ಬು ಗಂಟಿಕ್ಕಿ ಏನೋ ಕೇಳುತ್ತಾರೆ. ಆಮಾ-ಲಾ ನಗು ತಡೆಯಲಾರದೆ ನಿಮಗೆ ಹೇಳುತ್ತಾರೆ: “ಫೋಟೋ ಚೊಲೋ ಅದಾವಂತ. ಮನಿ ಭಾಳ ಸಣ್ಣ ಆದವಂತ. ಹಾಲಿನ ಲೆಕ್ಕ, ಗ್ಯಾಸ್ ಹಚ್ಚಿದ ತಾರೀಕು ಎಲ್ಲಿ ಬರೀಬೇಕು ಅಂತ ಕೇಳತಾಳ.”

ಪೆನ್ಸಿಲ್ ಇನ್ನೂ ಮೇಜಿನ ಮೇಲಿದೆ. ಪ್ರತಿ ಹಾಳೆಯ ಕೆಳಗೆ ಎರಡು ಬೆರಳಗಲ ಖಾಲಿ ಉಳಿದಿದೆ, ಅಲ್ಲಿ ಗೆರೆ ಎಳೆಯಬಹುದು. ಕೂತುಕೊಳ್ಳಿ.